ಮಳೆಯಲ್ಲಿ ಗೆಲ್ಲುವುದು ಕಾರೋ, ಕೈಯೋ?

2008ರ ಮೇ 25. ಮೊನಾಕೊದ ಇಕ್ಕಟ್ಟು ಬೀದಿಗಳಲ್ಲಿ ನಡೆಯುತ್ತಿದ್ದ ಫಾರ್ಮುಲಾ ಒನ್ ರೇಸ್ ಮುಗಿಯಲು ಹತ್ತು ಸುತ್ತೂ ಬಾಕಿ ಇರಲಿಲ್ಲ. ಮಳೆಯಲ್ಲಿ ಶುರುವಾದ ಆ ಓಟದಲ್ಲಿ ಆಗ ನಾಲ್ಕನೇ ಸ್ಥಾನದಲ್ಲಿ ಓಡುತ್ತಿದ್ದದ್ದು, ಯಾರೂ ಲೆಕ್ಕಕ್ಕೇ ಇಟ್ಟಿರದ ಫೋರ್ಸ್ ಇಂಡಿಯಾ ಕಾರು. ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ ಡಚ್ ಉದ್ಯಮಿಯೊಬ್ಬರ ಜೊತೆಗೂಡಿ, ಹಿಂದಿನ ವರ್ಷವಷ್ಟೇ 8.8 ಕೋಟಿ ಯೂರೊ ಕೊಟ್ಟು ಕೊಂಡ ತಂಡ ಅದು. ಆ ವರ್ಷದ ಅತಿ ನಿಧಾನದ ಕಾರುಗಳಲ್ಲಿ ಅದೂ ಒಂದು. ಜರ್ಮನಿಯ ಆಡ್ರಿಯನ್ ಸುಟಿಲ್ ಅದನ್ನು 18ನೇ ಸ್ಥಾನದಿಂದ ಹೊರಡಿಸಿ, ಒಂದೂ ದೊಡ್ಡ ತಪ್ಪು ಮಾಡದೆ, ಗೋಡೆ ಮುಟ್ಟಿಸದೆ ಅಲ್ಲಿಯವರೆಗೆ ತಂದಿದ್ದರು. ಅಷ್ಟರಲ್ಲಿ ಸುರಂಗ ದಾಟಿ ಬ್ರೇಕ್ ಹಾಕುವ ಜಾಗದಲ್ಲಿ, ಹಿಂದಿದ್ದ ವಿಶ್ವ ಚಾಂಪಿಯನ್ ಕಿಮಿ ರಾಯ್ಕೊನೆನ್ ಅವರ ಫೆರಾರಿ ಹಿಡಿತ ತಪ್ಪಿ ಬಂದು ಹಿಂಬದಿಗೆ ಗುದ್ದಿತು. ಸುಟಿಲ್ ಓಟ ಅಲ್ಲಿಗೆ ಮುಗಿಯಿತು. ಕೈಗೆ ಬಂದಿದ್ದ ಐದು ಅಂಕ ಹೋಯಿತು. ಆ ಇಡೀ ವರ್ಷ ತಂಡ ಒಂದು ಅಂಕವನ್ನೂ ಗಳಿಸಲಿಲ್ಲ.

ಒಣ ರಸ್ತೆಯಲ್ಲಿ ಕೊನೆಯ ಸಾಲು ಬಿಟ್ಟು ಮೇಲೇಳದ ಕಾರು, ಮಳೆಯಲ್ಲಿ ನಾಲ್ಕನೆಯದಾಗಿ ಓಡಿದ್ದು ಹೇಗೆ? ರೇಸ್ ಅಭಿಮಾನಿಗಳ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ಮಳೆ ಬಂದರೆ ಎಲ್ಲ ಕಾರೂ ಒಂದೇ, ಉಳಿಯುವುದು ಚಾಲಕನ ಕೈಚಳಕ ಮಾತ್ರ. ಕೇಳಲು ಚೆಂದದ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಇನ್ನೂ ಸ್ವಾರಸ್ಯದ್ದು. ಅದನ್ನು ಅರಿತರೆ ಮೊನಾಕೊದ ಸುಟಿಲ್ ಅರ್ಥವಾಗುತ್ತಾರೆ. ಜುಲೈ ತಿಂಗಳಲ್ಲಿ ದೇವಾಪುರದಿಂದ ಸುರಪುರಕ್ಕೆ ಗಾಡಿ ಹೊಡೆಯುವ ನಮ್ಮ ಚಾಲಕರ ಜಾಣತನವೂ ಅರ್ಥವಾಗುತ್ತದೆ.

ನೀರು ಕಸಿಯುವುದೇನು?

ಕಾರು ಎಷ್ಟೇ ದೊಡ್ಡದಿರಲಿ, ನೆಲಕ್ಕೆ ತಾಗಿರುವುದು ನಾಲ್ಕು ಟೈರುಗಳ ನಾಲ್ಕು ಸಣ್ಣ ತುಂಡುಗಳಷ್ಟೇ. ವೇಗ ಹೆಚ್ಚಿಸುವುದು, ಬ್ರೇಕ್ ಹಾಕುವುದು, ತಿರುಗಿಸುವುದು ಎಲ್ಲವೂ ಆ ನಾಲ್ಕು ತುಂಡುಗಳ ಹಿಡಿತದ ಮೇಲೆ ನಿಂತಿದೆ. ಒಣ ಡಾಂಬರಿನ ಮೇಲೆ ಸಾಮಾನ್ಯ ಟೈರಿನ ಘರ್ಷಣಾಂಕ ಸುಮಾರು 0.75 ಎಂದಿಟ್ಟುಕೊಳ್ಳಿ. ರಸ್ತೆ ನೆನೆದಾಗ ಅದು 0.45ರ ಆಸುಪಾಸಿಗೆ ಇಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 19 ಮೀಟರ್‌ನಲ್ಲಿ ನಿಂತರೆ, ಒದ್ದೆ ರಸ್ತೆಯಲ್ಲಿ 31 ಮೀಟರ್ ಬೇಕು. ಒಣಗಿದಾಗ 100 ಕಿ.ಮೀ. ವೇಗದಲ್ಲಿ ದಾಟಬಹುದಾದ ತಿರುವನ್ನು ಒದ್ದೆಯಾದಾಗ 77 ಕಿ.ಮೀ.ಗಿಂತ ಜೋರಾಗಿ ದಾಟಲಾಗದು.

ನೀರು ಇನ್ನೂ ಹೆಚ್ಚಾದರೆ ಟೈರು ನೆಲವನ್ನೇ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ತಿರುಗುತ್ತದೆ, ಕಾರು ತಿರುಗುವುದಿಲ್ಲ. ಟೈರಿನ ಗೀರುಗಳಿರುವುದೇ ಈ ನೀರನ್ನು ಪಕ್ಕಕ್ಕೆ ತಳ್ಳಲು. ಫಾರ್ಮುಲಾ ಒನ್‌ಗೆ ಟೈರು ಒದಗಿಸುವ ಪಿರೆಲ್ಲಿ ಕಂಪನಿಯ ಲೆಕ್ಕದಂತೆ, ಭಾರಿ ಮಳೆಗೆಂದೇ ಮಾಡಿದ ನೀಲಿ ಗುರುತಿನ ಟೈರು 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಚೆಲ್ಲುತ್ತದೆ. ಅದು ಒಂದು ಟೈರಿನ ಲೆಕ್ಕ. ನಾಲ್ಕೂ ಸೇರಿ ಎಬ್ಬಿಸುವ ನೀರಿನ ಮಂಜೇ ಹಿಂದಿನವರ ಕಣ್ಣು ಕಟ್ಟುತ್ತದೆ. ಮುಂದಿರುವ ಕಾರಿನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದೆ ಓಡಿಸಬೇಕಾಗುತ್ತದೆ.

ಎಂಜಿನ್ ಸೊರಗುತ್ತದೆ, ಕಾರಲ್ಲ

ಈಗ ಆ ಅರ್ಧ ಸತ್ಯಕ್ಕೆ ಬರೋಣ. ಚಕ್ರಕ್ಕೆ ಹಿಡಿತವಿಲ್ಲದಿದ್ದರೆ ಎಂಜಿನ್ನಿನ ಬಲ ನೆಲಕ್ಕಿಳಿಯುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಚಕ್ರ ನಿಂತಲ್ಲೇ ಸುತ್ತುತ್ತದೆ, ಕಾರು ಗಿರ್ರನೆ ತಿರುಗುತ್ತದೆ. ಹೀಗಾಗಿ ನೂರು ಕುದುರೆ ಶಕ್ತಿ ಹೆಚ್ಚಿರುವ ಎಂಜಿನ್ನಿನ ಲಾಭ ಒದ್ದೆಯಲ್ಲಿ ಬಹುಪಾಲು ಕರಗಿಹೋಗುತ್ತದೆ. ಕೆಲವೊಮ್ಮೆ ಬಲವಿಲ್ಲದಿರುವುದೇ ವರವಾಗುತ್ತದೆ. 1984ರ ಮೊನಾಕೊ ರೇಸ್‌ನಲ್ಲಿ ಮಳೆ ಸುರಿಯುತ್ತಿದ್ದಾಗ ಸ್ಟೆಫಾನ್ ಬೆಲೋಫ್ ಕೊನೆಯ, ಅಂದರೆ 20ನೇ ಸ್ಥಾನದಿಂದ ಹೊರಟು ಮೂರನೇ ಸ್ಥಾನಕ್ಕೆ ಏರಿದರು. ಅಂದು ಟರ್ಬೊ ಇಲ್ಲದೆ ಓಡಿದ್ದು ಅವರ ಟಿರೆಲ್ ಕಾರು. ಟರ್ಬೊ ಎಂಜಿನ್‌ಗಳು ತಡೆದು ತಡೆದು ಒಮ್ಮೆಲೇ ಬಲ ಉಕ್ಕಿಸಿ ಚಕ್ರ ಜಾರಿಸುತ್ತಿದ್ದರೆ, ಬೆಲೋಫ್ ಅವರ ಹಳೆಯ ಬಗೆಯ ಎಂಜಿನ್ ಕಾಲಿನ ಮಾತು ಕೇಳುತ್ತಿತ್ತು.

ಆದರೆ ಎಂಜಿನ್ ಎಂದರೇ ಕಾರಲ್ಲ. ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಅದುಮುವ ರೆಕ್ಕೆಗಳು, ಭಾರ ಹಂಚುವ ಸಸ್ಪೆನ್ಷನ್, ಟೈರನ್ನು ಬೆಚ್ಚಗಿಡುವ ಗುಣ, ಇವು ಮಳೆಯಲ್ಲಿ ಇನ್ನಷ್ಟು ಬೆಲೆ ಪಡೆಯುತ್ತವೆ. ತಿರುವಿನ ವೇಗ ನೂರರಿಂದ 77ಕ್ಕೆ ಇಳಿದರೆ ಗಾಳಿಯ ಒತ್ತಡ ನೂರರಿಂದ 60ಕ್ಕೆ ಇಳಿಯುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಹಿಡಿತವೇ ಇಲ್ಲದ ಹೊತ್ತಿನಲ್ಲಿ ಒತ್ತಡವೂ ಹೋಯಿತು. ಅಂಥ ಬರಗಾಲದಲ್ಲಿ ಯಾರ ಕಾರಿಗೆ ಸ್ವಲ್ಪ ಹೆಚ್ಚು ಒತ್ತಡ ಉಳಿದಿದೆಯೋ ಅವರು ಸಾಹುಕಾರರು. ಟೈರು ತಣ್ಣಗಾದರೆ ರಬ್ಬರ್ ಗಡುಸಾಗಿ ಹಿಡಿತ ಇನ್ನೂ ಕುಸಿಯುತ್ತದೆ. ಚೆನ್ನಾಗಿ ಅದುಮುವ ಕಾರಿನ ಟೈರು ಬೇಗ ಬಿಸಿಯಾಗಿ ಇನ್ನಷ್ಟು ಹಿಡಿಯುತ್ತದೆ. ಹಾಗಾಗಿ ಮಳೆ ಎಂಜಿನ್‌ಗಳ ಅಂತರವನ್ನು ಕುಗ್ಗಿಸುತ್ತದೆ ಎನ್ನುವುದು ಸರಿ. ಕಾರುಗಳ ಅಂತರವನ್ನೇ ಅಳಿಸುತ್ತದೆ ಎನ್ನುವುದು ತಪ್ಪು.

ಮಳೆಯ ರೇಸ್‌ಗಳ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಆಯ್ರ್ಟನ್ ಸೆನ್ನಾ ಹೆಸರು. 1993ರ ಏಪ್ರಿಲ್ 11ರಂದು ಇಂಗ್ಲೆಂಡಿನ ಡೋನಿಂಗ್ಟನ್‌ನಲ್ಲಿ ಅವರು ಐದನೇ ಸ್ಥಾನಕ್ಕೆ ಜಾರಿದ್ದವರು, ಮೊದಲ ಸುತ್ತು ಮುಗಿಯುವುದರೊಳಗೆ ಶುಮಾಕರ್, ವೆಂಡ್‌ಲಿಂಗರ್, ಹಿಲ್, ಪ್ರಾಸ್ಟ್ ನಾಲ್ವರನ್ನೂ ಹಿಂದಿಕ್ಕಿದರು. ಪ್ರಾಸ್ಟ್ ಮತ್ತು ಹಿಲ್ ಅವರ ವಿಲಿಯಮ್ಸ್ ಕಾರಿನ ಎಂಜಿನ್ ಸೆನ್ನಾ ಕಾರಿನದಕ್ಕಿಂತ ಬಲಶಾಲಿಯಾಗಿತ್ತು ಎಂಬುದು ನಿಜ. ಆದರೆ ಸೆನ್ನಾ ಅವರ ಮೆಕ್‌ಲಾರೆನ್ ಬಡ ಕಾರೇನಲ್ಲ. ಚಕ್ರ ಜಾರದಂತೆ ಎಂಜಿನ್ ಬಲವನ್ನು ತಾನೇ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಎರಡೂ ಅದರಲ್ಲಿದ್ದವು. ಇದನ್ನು ಹೇಳಿದರೆ ಸೆನ್ನಾ ಸಣ್ಣವರಾಗುವುದಿಲ್ಲ. ಆ ಗೆಲುವು ಹೇಗೆ ಕೂಡಿಬಂತು ಎಂಬುದು ತಿಳಿಯುತ್ತದೆ. ಟ್ರ್ಯಾಕ್ಷನ್ ಕಂಟ್ರೋಲನ್ನು ಫಾರ್ಮುಲಾ ಒನ್ ಕೊನೆಯ ಬಾರಿಗೆ ನಿಷೇಧಿಸಿದ್ದು 2008ರಲ್ಲಿ. ಮೊನಾಕೊದಲ್ಲಿ ಸುಟಿಲ್ ಓಡಿಸಿದ್ದು ಅದೇ ವರ್ಷ. ಅಂದು ಚಕ್ರ ಜಾರದಂತೆ ನೋಡಿಕೊಂಡದ್ದು ಅವರ ಬಲಗಾಲೇ.

ದಾರಿ ಹುಡುಕುವ ವಿದ್ಯೆ

ಚಾಲಕನ ಕೌಶಲ ಎಂದರೆ ಬರೀ ಧೈರ್ಯ ಎಂದು ಅನೇಕರ ನಂಬಿಕೆ. ಮಳೆಯಲ್ಲಿ ಅದು ಹೆಚ್ಚಾಗಿ ಹುಡುಕಾಟ. ಒಣ ದಿನಗಳಲ್ಲಿ ಎಲ್ಲ ಕಾರುಗಳೂ ಒಂದೇ ಜಾಡಿನಲ್ಲಿ ಓಡಿ ಅಲ್ಲಿ ರಬ್ಬರ್ ಮೆತ್ತಿರುತ್ತದೆ. ಒಣಗಿದಾಗ ಅತಿ ಹೆಚ್ಚು ಹಿಡಿತ ಕೊಡುವ ಆ ಜಾಡು, ನೀರು ಬಿದ್ದರೆ ಅತಿ ಹೆಚ್ಚು ಜಾರುತ್ತದೆ. ಬಲ್ಲ ಚಾಲಕ ಅದನ್ನು ಬಿಟ್ಟು ತಿರುವಿನ ಹೊರ ಅಂಚಿಗೆ, ಒರಟು ಡಾಂಬರು ಹುಡುಕಿಕೊಂಡು ಹೋಗುತ್ತಾನೆ. ಬಣ್ಣ ಬಳಿದ ಪಟ್ಟಿ ತಪ್ಪಿಸುತ್ತಾನೆ, ಕಬ್ಬಿಣದ ಚರಂಡಿ ಮುಚ್ಚಳ ತಪ್ಪಿಸುತ್ತಾನೆ. 2016ರ ಬ್ರೆಜಿಲ್ ರೇಸ್‌ನ ಕೊನೆಯ ಸುತ್ತುಗಳಲ್ಲಿ 19 ವರ್ಷದ ಮ್ಯಾಕ್ಸ್ ವರ್ಸ್ಟಾಪನ್ ಯಾರೂ ಹೋಗದ ಜಾಡು ಹಿಡಿದು, ಬಹಳ ಹಿಂದಿನಿಂದ ಮೂರನೇ ಸ್ಥಾನಕ್ಕೆ ಏರಿದ್ದು ಹೀಗೆ.

ಎರಡನೆಯದು ಕೈ-ಕಾಲುಗಳ ಮೃದುತ್ವ. ಟೈರಿನ ಒಟ್ಟು ಹಿಡಿತ ಒಂದು ಮಿತಿಯೊಳಗಿನದು. ಬ್ರೇಕಿಗೆ ಹೆಚ್ಚು ಬಳಸಿದರೆ ತಿರುಗಿಸಲು ಕಡಿಮೆ ಉಳಿಯುತ್ತದೆ. ಒಣ ರಸ್ತೆಯಲ್ಲಿ ಈ ಮಿತಿ ತಲುಪುತ್ತಿದ್ದೇವೆ ಎಂಬ ಸುಳಿವು ಮೊದಲೇ ಸಿಗುತ್ತದೆ. ಒದ್ದೆಯಲ್ಲಿ ಆ ಸುಳಿವು ಕ್ಷಣಮಾತ್ರ, ಕೆಲವೊಮ್ಮೆ ಅದೂ ಇಲ್ಲ. ಜೊತೆಗೆ ಪ್ರತಿ ಸುತ್ತಿನಲ್ಲೂ ನೀರಿನ ಪ್ರಮಾಣ ಬದಲಾಗುತ್ತದೆ. ಹಿಂದಿನ ಸುತ್ತಿನಲ್ಲಿ ಸರಿಯಿದ್ದ ಬ್ರೇಕ್ ಜಾಗ ಈ ಸುತ್ತಿಗೆ ತಪ್ಪಾಗಬಹುದು. ಕಲಿತದ್ದನ್ನು ನೆಚ್ಚಿ ಓಡಿಸುವವರು ಇಲ್ಲಿ ಸೋಲುತ್ತಾರೆ, ಸುತ್ತು ಸುತ್ತಿಗೂ ಹೊಸದಾಗಿ ಕಲಿಯುವವರು ಮೇಲೆ ಬರುತ್ತಾರೆ.

ಒಂದೇ ಕಾರು, ಇಬ್ಬರು ಚಾಲಕರು

ಕಾರಿನ ಪಾಲೆಷ್ಟು, ಚಾಲಕನ ಪಾಲೆಷ್ಟು ಎಂದು ಅಳೆಯಲು ಒಂದು ಪ್ರಾಮಾಣಿಕ ದಾರಿಯಿದೆ. ಒಂದೇ ತಂಡದಲ್ಲಿ ಒಂದೇ ಬಗೆಯ ಕಾರು ಓಡಿಸುವ ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

2008ರ ಜುಲೈ 6ರಂದು ಸಿಲ್ವರ್‌ಸ್ಟೋನ್‌ನಲ್ಲಿ ಮಳೆ. ಮೆಕ್‌ಲಾರೆನ್‌ನ ಹೇಕಿ ಕೊವಲೈನೆನ್ ಎಲ್ಲರಿಗಿಂತ ಮುಂದೆ, ಮೊದಲ ಸ್ಥಾನದಿಂದ ಹೊರಟರು. ಅದೇ ತಂಡದ ಲೂಯಿಸ್ ಹ್ಯಾಮಿಲ್ಟನ್ 68 ಸೆಕೆಂಡ್ ಅಂತರದಿಂದ ಗೆದ್ದರು. ಕೊವಲೈನೆನ್ ಒಂದು ಸುತ್ತು ಹಿಂದೆ ಬಿದ್ದು ಐದನೆಯವರಾದರು. 2024ರ ನವೆಂಬರ್ 3ರಂದು ಬ್ರೆಜಿಲ್‌ನಲ್ಲಿ ವರ್ಸ್ಟಾಪನ್ 17ನೇ ಸ್ಥಾನದಿಂದ ಹೊರಟು ಗೆದ್ದಾಗ, ಅದೇ ರೆಡ್ ಬುಲ್ ಕಾರಿನಲ್ಲಿ ಸರ್ಜಿಯೊ ಪೆರೆಜ್ 11ನೆಯವರಾಗಿ ಮುಗಿಸಿದರು. ಒಣ ದಿನದಲ್ಲಿ ಜೊತೆಗಾರರ ನಡುವೆ ಒಂದು ಸುತ್ತಿಗೆ ಸೆಕೆಂಡಿನ ಕೆಲವು ಹತ್ತನೇ ಭಾಗಗಳ ವ್ಯತ್ಯಾಸ ಇರುತ್ತದೆ. ಮಳೆಯಲ್ಲಿ ಅದೇ ಅಂತರ ಸೆಕೆಂಡುಗಳಿಗೆ ಹಿಗ್ಗುತ್ತದೆ. ಚಾಲಕನ ಪಾಲು ಮಳೆಯಲ್ಲಿ ದೊಡ್ಡದಾಗುತ್ತದೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಇದೇ ಅಳತೆಗೋಲು ಬೇರೆ ಉತ್ತರವನ್ನೂ ಕೊಡಬಲ್ಲದು. 2008ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮೊಂಜಾದಲ್ಲಿ 21 ವರ್ಷದ ಸೆಬಾಸ್ಟಿಯನ್ ವೆಟ್ಟೆಲ್ ಸಣ್ಣ ತಂಡ ಟೊರೊ ರೊಸ್ಸೊಗೆ ಗೆಲುವು ತಂದರು. ಮಳೆ ಮಾಡಿದ ಪವಾಡ ಎಂದು ಎಲ್ಲರೂ ಕೊಂಡಾಡಿದರು. ಆದರೆ ಹಿಂದಿನ ದಿನ ಮಳೆಯಲ್ಲೇ ನಡೆದ ಅರ್ಹತಾ ಸುತ್ತಿನಲ್ಲಿ ಅದೇ ತಂಡದ ಸೆಬಾಸ್ಟಿಯನ್ ಬೋರ್ಡೆ ನಾಲ್ಕನೇ ಸ್ಥಾನ ಪಡೆದಿದ್ದರು. ಕಾರೂ ಚೆನ್ನಾಗಿತ್ತು ಎಂದಾಯಿತು. ವೆಟ್ಟೆಲ್ ಅಸಾಮಾನ್ಯ ಚಾಲಕ, ಅನುಮಾನವಿಲ್ಲ. ಆದರೂ ಕಾರಿಗೆ ಸಲ್ಲಬೇಕಾದದ್ದು ಕಾರಿಗೆ ಸಲ್ಲಬೇಕು.

ಕರಾವಳಿಯ ಕಂಬಳದ ಗದ್ದೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ದಾಟಿದಾಗ ದೇಶವೇ ಅವರನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಗೌಡರು ಮಾತ್ರ ಕೋಣಗಳು ಚೆನ್ನಾಗಿ ಓಡಿದವು, ಶ್ರೇಯಸ್ಸು ಅವಕ್ಕೂ ಸೇರಬೇಕು ಎಂದರು. ಕೆಸರಿನಲ್ಲಿ ಕೋಣದ ಓಟಕ್ಕೆ ತಾಳ ತಪ್ಪದೆ ಓಡುವುದು ಓಟಗಾರನ ವಿದ್ಯೆ. ಎಳೆಯುವ ಬಲ ಕೋಣದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಹೊಗಳಲು ಆ ಓಟಗಾರರ ಮನಸ್ಸು ಒಪ್ಪಲಿಲ್ಲ. ರೇಸ್ ನೋಡುವ ನಮಗೂ ಅದೇ ನ್ಯಾಯ ಒಪ್ಪಬೇಕು.

ಗಳಿಗೆ ಅರಿಯುವ ತಂಡ

ಕಾರು, ಕೈ ಎರಡರಾಚೆ ಮೂರನೆಯದೊಂದಿದೆ. ಯಾವ ಗಳಿಗೆಯಲ್ಲಿ ಯಾವ ಟೈರು ಎಂಬ ತೀರ್ಮಾನ ಅದು. ಮಲ್ಯ ಕೊಂಡ ತಂಡದ ಚರಿತ್ರೆಯೇ ಇದಕ್ಕೆ ಪಾಠ. 1991ರಲ್ಲಿ ಜೋರ್ಡನ್ ಹೆಸರಿನಲ್ಲಿ ಕಣಕ್ಕಿಳಿದ ಈ ತಂಡ ಮೊದಲ ಗೆಲುವು ಕಂಡದ್ದು 1998ರಲ್ಲಿ, ಬೆಲ್ಜಿಯಂನ ಮಳೆಯಲ್ಲಿ. 2007ರಲ್ಲಿ ಅದು ಸ್ಪೈಕರ್ ಆಗಿದ್ದಾಗ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದದ್ದು ಕಥೆಯಂತಿದೆ. ಮೊದಲ ಬಾರಿಗೆ ಫಾರ್ಮುಲಾ ಒನ್ ಓಡಿಸುತ್ತಿದ್ದ ಮಾರ್ಕುಸ್ ವಿಂಕಲ್‌ಹೋಕ್ ಕಟ್ಟಕಡೆಯವರು. ಮೋಡ ನೋಡಿದ ತಂಡ, ಎಲ್ಲರೂ ಒಣ ಟೈರಿನಲ್ಲಿ ನಿಂತಿದ್ದಾಗ ಅವರನ್ನು ಒಳಗೆ ಕರೆದು ಮಳೆ ಟೈರು ಹಾಕಿ ಪಿಟ್‌ನಿಂದಲೇ ಹೊರಡಿಸಿತು. ಮೊದಲ ಸುತ್ತಿನಲ್ಲೇ ಮಳೆ ಸುರಿಯಿತು. ಘಟಾನುಘಟಿಗಳು ಜಾರುತ್ತಿದ್ದಾಗ ವಿಂಕಲ್‌ಹೋಕ್ ಅರ್ಧ ನಿಮಿಷಕ್ಕೂ ಹೆಚ್ಚು ಅಂತರದಿಂದ ಮುಂದಾದರು. ಓಟ ನಿಲ್ಲಿಸಿ ಮತ್ತೆ ಆರಂಭಿಸಿದ ಮೇಲೆ ಕಾರಿನ ನಿಜವಾದ ಶಕ್ತಿ ಬಯಲಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಅವರನ್ನು ದಾಟಿದರು, ಕೊನೆಗೆ ಕಾರೂ ಕೆಟ್ಟಿತು. ಅವರು ಓಡಿಸಿದ ಏಕೈಕ ಫಾರ್ಮುಲಾ ಒನ್ ರೇಸ್ ಅದು. ಸರಿಯಾದ ತೀರ್ಮಾನ ಮುಂದಕ್ಕೆ ಒಯ್ಯಬಲ್ಲದು, ಅಲ್ಲೇ ಉಳಿಸಲು ಕಾರು ಬೇಕು.

ಐದು ವರ್ಷದ ಬಳಿಕ ಫೋರ್ಸ್ ಇಂಡಿಯಾ ಹೆಸರಿನಲ್ಲಿ ಅದೇ ತಂಡ ಬ್ರೆಜಿಲ್‌ನಲ್ಲಿ ಮತ್ತೆ ಮುಂದಿತ್ತು. ತುಂತುರು ಮಳೆಯಲ್ಲಿ ಬಹುತೇಕರು ಮಳೆ ಟೈರಿಗೆ ಬದಲಾಯಿಸಿದಾಗ ನಿಕೊ ಹುಲ್ಕೆನ್‌ಬರ್ಗ್ ಮತ್ತು ಜೆನ್ಸನ್ ಬಟನ್ ಒಣ ಟೈರಿನಲ್ಲೇ ಕಚ್ಚಿಕೊಂಡು ಓಡಿಸಿದರು. ಎಲ್ಲರನ್ನೂ ನಿಧಾನವಾಗಿ ಒಂದೇ ಸಾಲಿನಲ್ಲಿ ನಡೆಸುವ ಸೇಫ್ಟಿ ಕಾರ್ ಬರುವಷ್ಟರಲ್ಲಿ ಹಿಂದಿನವರಿಗೂ ಅವರಿಗೂ 40 ಸೆಕೆಂಡಿಗೂ ಮಿಕ್ಕ ಅಂತರ. ಅಂತರವೆಲ್ಲ ಕರಗಿದರೂ ಹುಲ್ಕೆನ್‌ಬರ್ಗ್ ಬಹಳ ಹೊತ್ತು ಮುನ್ನಡೆ ಬಿಡಲಿಲ್ಲ. ಕೊನೆಗೆ ಜಾರಿ ಹ್ಯಾಮಿಲ್ಟನ್ ಕಾರಿಗೆ ತಾಗಿ, ದಂಡ ತೆತ್ತು ಐದನೆಯವರಾದರು. ತೀರ್ಮಾನ, ಧೈರ್ಯ, ಕಾರು ಮೂರೂ ಕೂಡಿದ್ದವು. ಒಂದು ಕ್ಷಣದ ಹಿಡಿತ ಕೈಕೊಟ್ಟಿತು.

ಅದೃಷ್ಟವೂ ಉಂಟು. 2024ರ ಬ್ರೆಜಿಲ್‌ನಲ್ಲಿ ಮುಂದಿದ್ದವರು ಟೈರು ಬದಲಿಸಿ ಬಂದ ಮೇಲೆ ಅಪಘಾತವಾಗಿ ಓಟ ನಿಂತಿತು. ಬದಲಿಸದೆ ಉಳಿದಿದ್ದ ಒಕಾನ್, ವರ್ಸ್ಟಾಪನ್ ಮತ್ತು ಗ್ಯಾಸ್ಲಿಗೆ ಆ ಬಿಡುವಿನಲ್ಲೇ ಸಮಯ ನಷ್ಟವಿಲ್ಲದೆ ಹೊಸ ಟೈರು ಸಿಕ್ಕಿತು. ಮುಗಿದಾಗ ಮೊದಲ ಮೂವರೂ ಅವರೇ. ಆದರೆ ಆ ಗಳಿಗೆಗೆ 17ನೇ ಸ್ಥಾನದಿಂದ ಎರಡನೆಯದಕ್ಕೆ ಬಂದು ನಿಂತಿದ್ದು ವರ್ಸ್ಟಾಪನ್ ಅವರ ಓಟ. ಬಾಗಿಲು ತೆರೆದಾಗ ಹತ್ತಿರ ಇರುವುದೂ ವಿದ್ಯೆಯೇ.

ನಮ್ಮ ಎರೆ, ನಮ್ಮ ರಾಡಿ

ಕರ್ನಾಟಕದಲ್ಲಿ ಮೋಟಾರ್ ಸ್ಪರ್ಧೆ ಬೇರೂರಿದ್ದು ರ್ಯಾಲಿಗಳಲ್ಲಿ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ಮಳೆ ಬಿದ್ದರೆ ಫಾರ್ಮುಲಾ ಒನ್‌ನ ಪಾಠವೇ ಬೇರೆ ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಅಗಲ ಟೈರಿಗಿಂತ ಕಿರಿದಾದ, ದೊಡ್ಡ ಹಲ್ಲಿನ ಟೈರು ಮೇಲು. ಅದು ಮೇಲಿನ ಕೆಸರನ್ನು ಕೊಯ್ದು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಪಕ್ಕದ ಸಹಚಾಲಕ ಮುಂದಿನ ತಿರುವು ಓದಿ ಹೇಳುತ್ತಿರುತ್ತಾನೆ; ಕಣ್ಣಿಗೆ ಕಾಣದ ದಾರಿಯನ್ನು ಕಿವಿಯಲ್ಲಿ ಕೇಳಿ ಓಡಿಸಬೇಕು. ಡಾಂಬರು ಟ್ರ್ಯಾಕಿನ ರೇಸ್ ಕಲಿಯಬೇಕೆಂದರೆ ನಮ್ಮ ಹುಡುಗ ಹುಡುಗಿಯರು ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿಗೋ ಹೋಗುತ್ತಾರೆ. ಬೆಂಗಳೂರಿನ ಕುಶ್ ಮೈನಿ 2025ರ ಮೇನಲ್ಲಿ ಮೊನಾಕೊದ ಫಾರ್ಮುಲಾ 2 ಓಟ ಗೆದ್ದು, ಅಲ್ಲಿ ಆ ದರ್ಜೆಯಲ್ಲಿ ಗೆದ್ದ ಮೊದಲ ಭಾರತೀಯರಾದರು. ಫಾರ್ಮುಲಾ 2ರಲ್ಲಿ ಎಲ್ಲರಿಗೂ ಒಂದೇ ಮಾದರಿಯ ಕಾರು. ಕಾರಿನ ನೆಪ ಅಲ್ಲಿ ಕಡಿಮೆ.

ಸುರಪುರ, ಶಹಾಪುರ ಸೀಮೆಗೆ ರೇಸ್ ಟ್ರ್ಯಾಕ್ ದೂರ, ಜಾರುವ ನೆಲ ದೂರವಲ್ಲ. ಇಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು. ಮಸಾರಿ ನೀರು ಕುಡಿದು ಬೇಗ ಗಟ್ಟಿಯಾಗುತ್ತದೆ. ಎರೆಮಣ್ಣಿನ ನಯವಾದ ಜೇಡಿ ನೀರು ಹೀರಿ ಉಬ್ಬುತ್ತದೆ, ಟೈರಿನ ಗೀರುಗಳಲ್ಲಿ ತುಂಬಿಕೊಂಡು ಹೊಸ ಟೈರನ್ನೂ ಬೋಳಾಗಿಸುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಕಟ್ಟುವುದು ಇದಕ್ಕೇ. ಎಂಜಿನ್ ಎಷ್ಟು ಎಚ್‌ಪಿ ಇದ್ದರೂ ರಾಡಿಯಲ್ಲಿ ಕೆಲಸಕ್ಕೆ ಬರುವುದು ಚಕ್ರದ ಹಿಡಿತ ಎಂದು ನಮ್ಮ ಟ್ರ್ಯಾಕ್ಟರ್ ಚಾಲಕರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹೊಲದಿಂದ ಹೊರಬಂದ ಅದೇ ಟ್ರ್ಯಾಕ್ಟರ್‌ನ ಚಕ್ರದ ಮಣ್ಣು ಡಾಂಬರಿನ ಮೇಲೆ ಉದುರಿ, ತುಂತುರು ಬಿದ್ದರೆ ಬೈಕ್ ಸವಾರರಿಗೆ ಅದು ಪ್ರಾಣಾಪಾಯ. ವರ್ಷದ ಮೊದಲ ಮಳೆಯ ಮೊದಲ ನಿಮಿಷಗಳು ಎಲ್ಲಕ್ಕಿಂತ ಕೆಟ್ಟವು. ರಸ್ತೆಯ ದೂಳು, ಎಣ್ಣೆ ಇನ್ನೂ ತೊಳೆದು ಹೋಗಿರುವುದಿಲ್ಲ. ನೀರು ನಿಂತ ರಸ್ತೆಯಲ್ಲಿ 32 ಪಿಎಸ್‌ಐ ಗಾಳಿಯಿರುವ ಕಾರಿನ ಟೈರು ಗಂಟೆಗೆ 90 ಕಿ.ಮೀ. ಆಸುಪಾಸಿನಲ್ಲೇ ತೇಲತೊಡಗಬಹುದು, ಗಾಳಿ ಕಡಿಮೆಯಾಗಿದ್ದರೆ, ಹಲ್ಲು ಸವೆದಿದ್ದರೆ ಇನ್ನೂ ಮೊದಲೇ. ಕಾರಿನ ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದು ರಸ್ತೆಗೆ ಯೋಗ್ಯವಲ್ಲ. ಸವೆದ ಟೈರಿನ ಗಾಡಿಯಲ್ಲಿ ಯಾವ ಕೈಚಳಕವೂ ಕಾಯುವುದಿಲ್ಲ. ಸುಟಿಲ್ ಅಂಥವರ ಕೈಗೂ ನೀರು ತಳ್ಳುವ ಟೈರು ಬೇಕಿತ್ತು.

ನಿಲ್ಲುವ ಧೈರ್ಯ

ಮಳೆಯ ಕೌಶಲದಲ್ಲಿ ಎಲ್ಲಕ್ಕಿಂತ ಹಿರಿದಾದದ್ದಕ್ಕೆ ಯಾವ ಟ್ರೋಫಿಯೂ ಇಲ್ಲ. 1976ರ ಅಕ್ಟೋಬರ್ 24ರಂದು ಜಪಾನಿನ ಫುಜಿಯಲ್ಲಿ ವಿಶ್ವ ಪ್ರಶಸ್ತಿ ತೀರ್ಮಾನವಾಗುವ ಓಟ. ಜಡಿಮಳೆ. ಅಂಕದಲ್ಲಿ ಮುಂದಿದ್ದ ನಿಕಿ ಲೌಡಾ ಎರಡೇ ಸುತ್ತಿನ ಬಳಿಕ ಕಾರು ನಿಲ್ಲಿಸಿ ಇಳಿದರು. ಮೂರು ತಿಂಗಳ ಹಿಂದಷ್ಟೇ ಬೆಂಕಿಯಲ್ಲಿ ಬೆಂದು ಬದುಕಿ ಬಂದಿದ್ದ ಅವರಿಗೆ ಈ ನೀರಿನಲ್ಲಿ ಓಡಿಸುವುದು ಹುಚ್ಚುತನವೆಂದು ಅನ್ನಿಸಿತ್ತು. ಒಂದೇ ಅಂಕದಿಂದ ಪ್ರಶಸ್ತಿ ಜೇಮ್ಸ್ ಹಂಟ್ ಪಾಲಾಯಿತು. ಲೌಡಾ ಮರುವರ್ಷ ಗೆದ್ದರು, 1984ರಲ್ಲಿ ಮತ್ತೆ ಗೆದ್ದರು. 2014ರಲ್ಲಿ ಜಪಾನಿನದೇ ಸುಜುಕಾದಲ್ಲಿ ಒದ್ದೆ ಟ್ರ್ಯಾಕಿನಲ್ಲಿ ಜೂಲ್ಸ್ ಬಿಯಾಂಕಿ ಅವರ ಕಾರು ಜಾರಿ, ಕೆಟ್ಟ ಕಾರು ಎತ್ತುತ್ತಿದ್ದ ಕ್ರೇನಿಗೆ ಬಡಿಯಿತು. ಮರುವರ್ಷ ಜುಲೈನಲ್ಲಿ ಅವರು ತೀರಿಕೊಂಡರು. ಅದಾದ ಮೇಲೆ, ಮಳೆಯಲ್ಲಿ ಓಟ ನಿಲ್ಲಿಸಲು ಹಿಂಜರಿಯುವುದನ್ನು ಶೌರ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈ ಪಾಠ ನಮ್ಮ ಸೀಮೆಗೆ ನೇರವಾಗಿ ಸೇರಿದ್ದು. ಬಸವಸಾಗರ ಜಲಾಶಯದ ಗೇಟು ತೆರೆದು ಕೃಷ್ಣೆಗೆ ನೀರು ಬಿಟ್ಟಾಗ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆಯ ಮೇಲೆ ನೀರು ಹರಿದದ್ದನ್ನು ಕಂಡಿದ್ದೇವೆ. ತುಂಬಿದ ಹಳ್ಳದ ಮುಂದೆ ಗಾಡಿ ನಿಲ್ಲಿಸಿದ ಚಾಲಕನನ್ನು ಹಿಂದಿನ ಸೀಟಿನವರು ಹಂಗಿಸುವುದನ್ನೂ ಕೇಳಿದ್ದೇವೆ. ಹರಿಯುವ ನೀರಿನ ಮೇಲೆ ಟೈರಿಗೆ ಹಿಡಿತವಿಲ್ಲ, ಎಂಜಿನ್ನಿನ ಬಲಕ್ಕೆ ಬೆಲೆಯಿಲ್ಲ, ಕೈಗೆ ಮಾಡಲು ಕೆಲಸವಿಲ್ಲ. ಅಲ್ಲಿ ಕಾರೂ ಕೈಯೂ ಒಟ್ಟಿಗೇ ಸೋಲುತ್ತವೆ.

ಕಾರೋ ಕೈಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಮಳೆಯಲ್ಲಿ ಕೈಯ ಪಾಲು ಬೆಳೆಯುತ್ತದೆ, ಆದರೆ ಕಾರು ಕೊಟ್ಟ ಹಿಡಿತದ ಗಡಿಯೊಳಗೇ ಬೆಳೆಯುತ್ತದೆ. ಒಳ್ಳೆಯ ಚಾಲಕ ಆ ಗಡಿಯನ್ನು ದಾಟುವವನಲ್ಲ, ಅದೆಲ್ಲಿದೆ ಎಂದು ಉಳಿದವರಿಗಿಂತ ಮೊದಲು ಅರಿಯುವವನು. ಆ ಅರಿವಿನಿಂದ ಮೊನಾಕೊದಲ್ಲಿ ಒಬ್ಬರು 14 ಸ್ಥಾನ ಮೇಲೇರಿದರು, ಅದೇ ಅರಿವಿನಿಂದ ಫುಜಿಯಲ್ಲಿ ಒಬ್ಬರು ಇಳಿದು ನಡೆದರು. ಈ ಮಳೆಗಾಲದಲ್ಲಿ ನಿಮ್ಮ ಟೆಂಪೊ, ಟ್ರ್ಯಾಕ್ಟರ್, ಬಸ್ಸಿನ ಚಾಲಕರು ಹಳ್ಳದ ಈಚೆ ದಂಡೆಯಲ್ಲಿ ಗಾಡಿ ನಿಲ್ಲಿಸಿದರೆ ಅವಸರ ಮಾಡಬೇಡಿ. ಅವರು ತಮ್ಮ ವಿದ್ಯೆ ತೋರಿಸುತ್ತಿದ್ದಾರೆ. ಅದಕ್ಕೆ ಗೌರವ ಕೊಡಿ.